ನಾಲ್ಕನೆಯ ಕ್ಯಾಮ್

ದೀಪಾವಳಿ ಮುಗಿದ ವಾರದಲ್ಲಿ ಸಿರುಗುಪ್ಪದ ಹತ್ತಿ ಗಿರಣಿಯ ಉಗಿ ಎಂಜಿನ್ನನ್ನು ನಾನು ಪೂರ್ತಿ ಬಿಚ್ಚಿ ಹಾಕಿದೆ. ಬಳ್ಳಾರಿಗೆ ರೈಲು ಬಂದು ಇಪ್ಪತ್ತು ವರ್ಷದ ಮೇಲಾಗಿದ್ದ ಕಾಲ ಅದು. ಎಂಜಿನ್ ಅದಕ್ಕಿಂತ ಹಳೆಯದು. ಮದ್ರಾಸಿನ ಕಡೆಯ ಯಾವುದೋ ಮಿಲ್ಲಿನಲ್ಲಿ ದುಡಿದು ಸವೆದದ್ದನ್ನು ನಮ್ಮ ಸಾಹುಕಾರರು ರೈಲಿನಲ್ಲಿ ಬಳ್ಳಾರಿಗೆ ತರಿಸಿ, ಅಲ್ಲಿಂದ ಎಂಟೆತ್ತಿನ ಬಂಡಿಗಳಲ್ಲಿ ಸಿರುಗುಪ್ಪಕ್ಕೆ ಹೊರಿಸಿದ್ದರು. ಸಂಕ್ರಾಂತಿ ಆದಮೇಲೆ ಹತ್ತಿ ಬರಲು ಶುರುವಾಗುತ್ತದೆ, ಅಷ್ಟರೊಳಗೆ ಅದನ್ನು ಹೊಸದರಂತೆ ಮಾಡಿ ನಿಲ್ಲಿಸುವುದು ನನ್ನ ಕೆಲಸ.

ಸಿಲಿಂಡರಿನ ಒಳಮೈ ಚೆನ್ನಾಗಿಯೇ ಇತ್ತು. ಪಿಸ್ಟನ್ನಿಗೆ ಹೊಸ ಬಳೆ ಕೂಡಿಸಿದೆ, ಹಿತ್ತಾಳೆಯ ಬೇರಿಂಗುಗಳನ್ನು ಕೆರೆದು ಹೊಂದಿಸಿದೆ. ಕೆಟ್ಟಿದ್ದು ಪಕ್ಕದ ದಂಡ. ಸಿಲಿಂಡರಿನ ಉದ್ದಕ್ಕೂ ಒಂದು ಉಕ್ಕಿನ ದಂಡ ತಿರುಗುತ್ತದೆ, ಅದರ ಮೇಲೆ ಮೊಟ್ಟೆಯ ಆಕಾರದ ನಾಲ್ಕು ಉಬ್ಬುಗಳು. ದಂಡ ಸುತ್ತಿದಂತೆ ಒಂದೊಂದು ಉಬ್ಬು ತನ್ನ ಸರದಿ ಬಂದಾಗ ಒಂದು ಉಕ್ಕಿನ ಪಾದವನ್ನು ಮೇಲೆತ್ತುತ್ತದೆ, ಪಾದ ವಾಲ್ವನ್ನು ಎತ್ತುತ್ತದೆ, ಉಗಿ ಒಳಗೆ ಬರುತ್ತದೆ ಇಲ್ಲವೇ ಹೊರಗೆ ಹೋಗುತ್ತದೆ. ನಾನು ಕೆಲಸ ಕಲಿತ ರೈಲ್ವೆ ಶೆಡ್ಡಿನಲ್ಲಿ ಆ ಉಬ್ಬಿಗೆ ಕ್ಯಾಮ್ ಅನ್ನುತ್ತಿದ್ದರು. ನಾಲ್ಕೂ ಕ್ಯಾಮುಗಳ ಮೂತಿ ಸವೆದು ಬೋಳಾಗಿತ್ತು. ವಾಲ್ವು ಅರ್ಧ ಎತ್ತುವುದಕ್ಕೂ ಅವು ಸಾಲುತ್ತಿರಲಿಲ್ಲ.

ಮದ್ರಾಸಿಗೆ ಬರೆದರೆ ಹೊಸದು ಬರಲು ಎರಡು ತಿಂಗಳಿಗೆ ಕಡಿಮೆಯಿಲ್ಲ. ಬಂದದ್ದು ಹೊಂದದೆ ಹೋದರೆ ಮತ್ತೆ ಎರಡು ತಿಂಗಳು.

"ಇಲ್ಲೇ ಯಾರೂ ಮಾಡಾಕ ಆಗೂದಿಲ್ಲೇನಯ್ಯಾ?" ಎಂದು ಸಾಹುಕಾರರು ಕೇಳಿದರು.

ನಾನು ಒಬ್ಬರ ಹೆಸರು ಹೇಳಿದೆ. ಕುರುಗೋಡಿನ ಕಮ್ಮಾರ ಅಜ್ಜ. ಹಿಂದಿನ ವರ್ಷ ಬಾಯ್ಲರಿಗೆ ನೀರು ಏರಿಸುವ ಪಂಪಿನ ಸರಳು ಮುರಿದಾಗ ಅವರು ಬೆಸುಗೆ ಹಾಕಿಕೊಟ್ಟಿದ್ದರು. ಬೆಸುಗೆ ಎಲ್ಲಿದೆ ಎಂದು ನನಗೆ ಆಮೇಲೆ ಹುಡುಕಿದರೂ ಸಿಕ್ಕಿರಲಿಲ್ಲ.

ಅಜ್ಜ ಎಪ್ಪತ್ತರ ಸಮೀಪದವರು. ಕಣ್ಣು ಮಂಜಾಗುತ್ತಿತ್ತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳು ಅವರ ಜೊತೆಗಿದ್ದಳು. ತಿದಿ ಒತ್ತುವುದು ಅವಳೇ, ದೊಡ್ಡ ಸುತ್ತಿಗೆ ಬೀಸುವುದೂ ಅವಳೇ. ನಾನು ಸವೆದ ಕ್ಯಾಮುಗಳನ್ನೂ, ಅವು ಹೊಸದಿದ್ದಾಗ ಹೇಗಿರಬೇಕಿತ್ತು ಎಂದು ಲೆಕ್ಕ ಹಾಕಿ ತಗಡಿನಲ್ಲಿ ಕತ್ತರಿಸಿದ ಅಚ್ಚನ್ನೂ ಅವರ ಮುಂದೆ ಇಟ್ಟಾಗ ಅಜ್ಜ ತಗಡಿನ ಅಂಚಿನ ಮೇಲೆ ಬೆರಳು ಆಡಿಸಿದರು, ಅದನ್ನು ಮಗಳ ಕೈಗೆ ಕೊಟ್ಟರು.

"ಏನಂತೀಯವ್ವಾ?"

"ಮೂತಿ ಹತ್ರ ಅರದಲೆ ಭಾಳ ಹೊತ್ತು ತಿಕ್ಕಬೇಕಾಕ್ಕೈತಿ," ಎಂದಳು ಅವಳು. "ಆದ್ರ ಆಕ್ಕೈತಿ."

ಅಜ್ಜ ನನ್ನ ಕಡೆ ತಿರುಗಿದರು. "ತಮ್ಮಾ, ಇದು ನಂದು ಕಡೀ ದೊಡ್ಡ ಕೆಲಸ. ಇದೊಂದು ಚಂದಾಗಿ ಮುಗೀತಂದ್ರ ಮಂದಿಗೆ ನಂಬಿಕಿ ಬರ್ತೈತಿ. ಆಮ್ಯಾಲೆ ಕುಡ, ಕುಡಗೋಲು, ಬಂಡಿ ಕೀಲು, ಏನ ಇದ್ರೂ ಮಗಳ ಕೈಯಾಗ ಕೊಡ್ತಾರ. ಕುಲುಮಿ ಆರೂದಿಲ್ಲ."

ದಂಡವನ್ನು ಹಳೆಯ ರೈಲು ಗಾಲಿಯ ಅಚ್ಚಿನ ಉಕ್ಕಿನಿಂದ ಬಳ್ಳಾರಿಯಲ್ಲಿ ಮಾಡಿದೆ. ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ಕೈಚಕ್ರದಿಂದ ತಿರುಗುವ ಲೇತ್ ಇತ್ತು, ಅಲ್ಲಿ ಮೂರು ದಿನ ಕೂತು ನಾನೇ ಕಡೆದೆ. ಕ್ಯಾಮುಗಳು ಕುರುಗೋಡಿನಲ್ಲಿ ತಯಾರಾದವು. ಬಡಿದು ಆಕಾರಕ್ಕೆ ತಂದು, ಅರದಿಂದ ಉಜ್ಜಿ, ತಗಡಿನ ಅಚ್ಚಿಗೆ ಹಿಡಿದು ನೋಡಿ, ಬೆಳಕು ಎಲ್ಲಿ ನುಸುಳುತ್ತದೋ ಅಲ್ಲಿ ಮತ್ತೆ ಉಜ್ಜಿ ಹೀಗೆ ಇಪ್ಪತ್ತು ದಿನ. ಬೆಳಕು ನೋಡುವುದು ಮಗಳು, ಬೆರಳಿನಿಂದ ನೋಡುವುದು ಅಪ್ಪ. ಇಬ್ಬರೂ ಒಪ್ಪಿದ ಮೇಲೆ ಹದ ಕೊಡುವ ಕೆಲಸ. ಕೋಣದ ಕೊಂಬು, ಗೊರಸು, ಹಳೆಯ ಚರ್ಮ ಸುಟ್ಟು ಮಾಡಿದ ಕರಿ ಪುಡಿಯನ್ನು ಕಬ್ಬಿಣದ ಪೆಟ್ಟಿಗೆಗೆ ತುಂಬಿ, ನಾಲ್ಕು ಕ್ಯಾಮುಗಳನ್ನೂ ಅದರೊಳಗೆ ಹೂತು, ಸಂದುಗಳಿಗೆ ಜೇಡಿಮಣ್ಣು ಮೆತ್ತಿ ಬೆಳಗಿನಿಂದ ಸಂಜೆಯವರೆಗೆ ಕೆಂಪಗೆ ಕಾಯಿಸಿದರು. ಆಮೇಲೆ ಒಂದೊಂದನ್ನೇ ನೀರಿಗೆ ಬಿಟ್ಟರು. ಹೀಗೆ ಮಾಡಿದರೆ ಒಳಗಿನ ಕಬ್ಬಿಣ ಮೆತ್ತಗೇ ಇದ್ದು, ಮೇಲಿನ ಸಿಪ್ಪೆ ಮಾತ್ರ ಗಾಜಿನಂತೆ ಗಟ್ಟಿಯಾಗುತ್ತದೆ. ನಾನು ಅರದಿಂದ ಒಂದರ ಅಂಚು ಗೀರಿ ನೋಡಿದೆ. ಅರ ಜಾರಿತು.

ಸಂಕ್ರಾಂತಿ ಆಗಿ ಐದನೆಯ ದಿನ ಹೊಸ ದಂಡವನ್ನು ಕೂಡಿಸಿ ಮೊದಲ ಸಲ ಓಡಿಸುವುದು ಎಂದು ನಿಶ್ಚಯವಾಯಿತು. ಅಪ್ಪ ಮಗಳು ಬಂಡಿ ಕಟ್ಟಿಕೊಂಡು ಬಂದರು. ಸಾಹುಕಾರರು ಹತ್ತಿ ವ್ಯಾಪಾರಿಗಳನ್ನು ಕರೆದಿದ್ದರು. ಅವರಿಗೆ ಎಂಜಿನ್ ಮನೆಯಲ್ಲಿ ಬೆಂಚು ಹಾಕಿಸಿದ್ದರು.

ಹೊಸ ಕ್ಯಾಮಿಗೆ ಮೊದಲ ಒಂದು ತಾಸು ಬಹಳ ಮುಖ್ಯ. ಕ್ಯಾಮೂ ಪಾದವೂ ಎಷ್ಟೇ ನಯವಾಗಿ ಕಂಡರೂ ಒಂದರ ಮೈಗೆ ಇನ್ನೊಂದು ಹೊಂದಿರುವುದಿಲ್ಲ. ಆ ಒಂದು ತಾಸಿನಲ್ಲಿ ಅವು ಒಂದನ್ನೊಂದು ತಿಕ್ಕಿ ಪಳಗಬೇಕು. ನಿಧಾನ ಓಡಿಸಬಾರದು, ನಿಧಾನವಾದರೆ ನಡುವಿನ ಎಣ್ಣೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಭಾರ ಹಾಕಬಾರದು. ನಡುವೆ ನಿಲ್ಲಿಸಬಾರದು. ವಾಲ್ವಿನ ಸ್ಪ್ರಿಂಗುಗಳನ್ನು ಅರ್ಧಕ್ಕೆ ಸಡಿಲಿಸಿದೆ. ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನುಗಳ ಪಟ್ಟಿ ಬಿಚ್ಚಿಟ್ಟೆ. ನಾಲ್ಕೂ ಕ್ಯಾಮಿಗೆ ದನದ ಕೊಬ್ಬಿನಲ್ಲಿ ಸೀಸದ ಕಡ್ಡಿಯ ಕರಿ ಪುಡಿ ಕಲಸಿ ದಪ್ಪಗೆ ಬಳಿದೆ. ಮೇಲಿನ ಪೆಟ್ಟಿಗೆಯಲ್ಲಿ ಔಡಲೆಣ್ಣೆ ತುಂಬಿಸಿದೆ. ಅಲ್ಲಿಂದ ನಾಲ್ಕು ಸಣ್ಣ ತಾಮ್ರದ ಕೊಳವೆಗಳು ನಾಲ್ಕು ಕ್ಯಾಮುಗಳ ನೆತ್ತಿಗೆ ಇಳಿಯುತ್ತವೆ. ಮೂರು ಕೊಳವೆಗಳ ಬಾಯಿ ನಾನು ನಿಂತಲ್ಲಿಗೆ ಕಾಣುತ್ತಿತ್ತು, ಮೂರರಲ್ಲೂ ಹನಿ ಬೀಳುತ್ತಿತ್ತು. ನಾಲ್ಕನೆಯದು ಗೋಡೆಯ ಕಡೆಗೆ. ನೋಡಬೇಕೆಂದರೆ ಎಂಜಿನ್ನಿನ ದೊಡ್ಡ ಚಕ್ರದ ಹಿಂದಿನಿಂದ ಸುತ್ತಿ ಹೋಗಿ ಬಗ್ಗಬೇಕು. ಸಾಹುಕಾರರು, "ಏನಯ್ಯಾ, ಶುರು ಮಾಡೋಣೇನು?" ಎಂದರು. ನಾನು ಹೋಗಿ ಬಗ್ಗಲಿಲ್ಲ. ಉಗಿಯ ಚಕ್ರ ತಿರುಗಿಸಿದೆ.

ಎಂಜಿನ್ ಚಂದವಾಗಿ ಎದ್ದಿತು. ನಾಲ್ಕು ವಾಲ್ವುಗಳ ಬಡಿತ ಒಂದರ ಹಿಂದೆ ಒಂದು ಸಮನಾಗಿ ಬಂತು. ಅಜ್ಜ ಬೆಂಚಿನ ಮೇಲೆ ಕೂರದೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ತುಟಿ ಬಡಿತದ ಜೊತೆ ಅಲುಗುತ್ತಿತ್ತು. ಅರ್ಧ ತಾಸು ಹೀಗೇ ಹೋಯಿತು.

ಆಮೇಲೆ ಸುಟ್ಟ ಕೊಬ್ಬಿನ ವಾಸನೆ ಬಂತು. ಗೋಡೆಯ ಕಡೆಯಿಂದ ತೆಳುವಾದ ನೀಲಿ ಹೊಗೆ. ಬಳಿದ ಕೊಬ್ಬು ಉರಿಯುತ್ತಿರಬೇಕು, ಮೊದಲ ಸಲ ಹಾಗಾಗುವುದು ಉಂಟು ಎಂದು ನನಗೆ ನಾನೇ ಹೇಳಿಕೊಂಡೆ. ನಡುವೆ ನಿಲ್ಲಿಸಬಾರದು ಎಂಬ ನಿಯಮ ಒಂದು ಕಡೆ, ಬೆಂಚಿನ ಮೇಲೆ ಕೂತ ಮಂದಿ ಇನ್ನೊಂದು ಕಡೆ. ಇನ್ನೂ ಸ್ವಲ್ಪ ಹೊತ್ತು ಓಡಿಸಿದೆ. ನಾಲ್ಕನೆಯ ಬಡಿತ ಮೊದಲು ಮೆತ್ತಗಾಯಿತು, ಮತ್ತೆ ತಡವಾಯಿತು. ಎಂಜಿನ್ ಕುಂಟಿತು. ಒಳಗೆ ಏನೋ ಕಚ್ಚಿ ಹರಿದ ಸದ್ದು ಬಂದಾಗ ಉಗಿ ಮುಚ್ಚಿದೆ.

ಮುಚ್ಚಳ ತೆಗೆದರೆ ಮೂರು ಕ್ಯಾಮುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ನಾಲ್ಕನೆಯದರ ಮೂತಿ ಇರಲಿಲ್ಲ. ಅದರ ಕೆಳಗೆ ಬೂದು ಬಣ್ಣದ ಕೆಸರಿನಂತೆ ಕಬ್ಬಿಣದ ಪುಡಿ ಕೂಡಿತ್ತು. ಪಾದವೂ ಹರಿದಿತ್ತು, ದಂಡವೇ ಬಾಗಿತ್ತು.

ಆ ಕ್ಯಾಮು ಬಿಸಿಯಿದ್ದ ಹಾಗೆಯೇ ಅಜ್ಜ ಅದರ ಮೇಲೆ ಹೆಬ್ಬೆರಳು ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಹದ ಬಿದ್ದಿಲ್ಲ," ಎಂದರು. "ಪೆಟಗಿಯಾಗ ಇದು ಅಂಚಿಗಿತ್ತು. ಆ ಮೂಲಿಗೆ ಬೆಂಕಿ ಕಮ್ಮಿ ಬಿದ್ದಿರಬೇಕು. ನಂಗ ಕಾಣಲಿಲ್ಲ. ನಂದ ತಪ್ಪು."

"ಮುದುಕನ ಕೈಯಾಗ ಕೊಟ್ಟಿದ್ದ ತಪ್ಪು," ಎಂದರು ಸಾಹುಕಾರರು. ಅವರು ಅದನ್ನು ನನಗೆ ಹೇಳಿದ್ದು. ಆದರೆ ಎಂಜಿನ್ನಿನ ಸದ್ದು ನಿಂತಿದ್ದ ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ಮಗಳು ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. "ಅಣ್ಣಾರ, ಇದಕ್ಕ ಎಣ್ಣಿ ಬಂದಿತ್ತೇನ್ರಿ?"

"ಬಂದಿತ್ತು," ಎಂದೆ.

ಆ ಹೊತ್ತಿಗೆ ನಾನು ಸುಳ್ಳು ಹೇಳುತ್ತಿದ್ದೇನೆಂದು ನನಗೆ ಖಾತ್ರಿ ಇರಲಿಲ್ಲ. ನೋಡದೇ ಇದ್ದದ್ದನ್ನು ನೋಡಿದ್ದೇನೆ ಅಂದೆ, ಅಷ್ಟೇ. ಅವರು ಹೊರಗೆ ಹೋದ ಮೇಲೆ ನಾಲ್ಕನೆಯ ಕೊಳವೆ ಬಿಚ್ಚಿದೆ. ಅದರ ಕೆಳಗಿನ ಬಾಯಿಯಲ್ಲಿ ಹತ್ತಿಯ ಉಂಡೆ ಇತ್ತು. ನಾಲ್ಕು ದಿನದ ಹಿಂದೆ ವಾಲ್ವುಗಳನ್ನು ಅರೆಯುವಾಗ ಧೂಳು ಹೋಗದಿರಲೆಂದು ನಾಲ್ಕೂ ಕೊಳವೆಗೆ ನಾನೇ ಹತ್ತಿ ತುರುಕಿದ್ದೆ. ಮೂರರದು ತೆಗೆದಿದ್ದೆ.

ಬಾಗಿಲಿನಿಂದ ಅಂಗಳ ಕಾಣುತ್ತಿತ್ತು. ಬಂಡಿಗೆ ಇನ್ನೂ ಎತ್ತು ಹೂಡುತ್ತಿದ್ದರು. ಅಜ್ಜ ಒಂದು ಕೈಯಲ್ಲಿ ಬಂಡಿಯ ಗಾಲಿ ಹಿಡಿದುಕೊಂಡು ನಿಂತಿದ್ದರು. ನಾನು ಕೂಗಿದ್ದರೆ ಕೇಳಿಸುವಷ್ಟು ಹತ್ತಿರ. ಮಗಳು ಅವರ ತೋಳು ಹಿಡಿದು ಹತ್ತಿಸಿದಳು. ಬಂಡಿ ಗೇಟು ದಾಟಿ ರಸ್ತೆಗೆ ಇಳಿಯುವ ತನಕ ನಾನು ಆ ಹತ್ತಿಯ ಉಂಡೆಯನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆಮೇಲೆ ಅದನ್ನು ಬಾಯ್ಲರಿನ ಬೆಂಕಿಗೆ ಹಾಕಿದೆ.

ಸಾಹುಕಾರರು ಮದ್ರಾಸಿಗೆ ಬರೆದರು. ಹತ್ತಿಯ ಬಂಡಿಗಳು ಗೇಟಿನವರೆಗೆ ಬಂದು ಬೇರೆ ಊರಿನ ಗಿರಣಿಗಳಿಗೆ ಹೋದವು. ಆ ಎರಡು ತಿಂಗಳು ನಾನು ಬಾಯ್ಲರ್ ತೊಳೆದೆ, ಜಿನ್ನುಗಳ ಚರ್ಮದ ಉರುಳೆ ಬದಲಿಸಿದೆ, ಮಾಡಿದ್ದನ್ನೇ ಮತ್ತೆ ಮಾಡಿದೆ. ಕುರುಗೋಡಿನಿಂದ ಬಂದವರು ಮಾತಿನ ನಡುವೆ ಹೇಳುತ್ತಿದ್ದರು: ಕಮ್ಮಾರ ಅಜ್ಜನ ಹದ ಹೋಯಿತಂತೆ, ಗಿರಣಿ ನಿಲ್ಲಿಸಿಬಿಟ್ಟನಂತೆ. ನಾನು ಸುಮ್ಮನೆ ಕೇಳುತ್ತಿದ್ದೆ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡ ದಿನಗಳು ಮೊದಮೊದಲು ಇದ್ದವು. ಆಮೇಲೆ ಅದನ್ನೂ ಅಂದುಕೊಳ್ಳುವುದನ್ನು ಬಿಟ್ಟೆ.

ಯುಗಾದಿ ಹತ್ತು ದಿನ ಇದೆ ಎನ್ನುವಾಗ ಮದ್ರಾಸಿನ ದಂಡ ಬಂತು. ನಾಲ್ಕೂ ಕೊಳವೆ ಬಿಚ್ಚಿ, ಊದಿ, ಒಂದೊಂದರಲ್ಲೂ ಕಾಸಿದ ಎಣ್ಣೆ ಸುರಿದು, ಕೆಳಗೆ ಅಂಗೈ ಹಿಡಿದು ನೋಡಿದೆ. ಕೂಡಿಸಿದ ಮೇಲೆ ಮತ್ತೆ ನೋಡಿದೆ. ಓಡಿಸುವ ದಿನ ಚಕ್ರದ ಹಿಂದೆ ಬಗ್ಗಿ ನಾಲ್ಕನೆಯ ಕ್ಯಾಮಿನ ಮೇಲೆ ಹನಿ ಬೀಳುವುದನ್ನು ಕಣ್ಣಾರೆ ಕಂಡೆ. ಒಂದು ತಾಸು ಭಾರವಿಲ್ಲದೆ ಓಡಿಸಿದೆ. ಮುಚ್ಚಳ ತೆಗೆದು ನೋಡಿದೆ. ನಾಲ್ಕರ ಮೂತಿಯ ಮೇಲೂ ಒಂದೇ ಸಮನಾದ ಹೊಳೆಯುವ ಗೆರೆ ಬಿದ್ದಿತ್ತು. ಎಣ್ಣೆ ಬದಲಿಸಿ, ಸ್ಪ್ರಿಂಗು ಬಿಗಿದು, ಜಿನ್ನುಗಳ ಪಟ್ಟಿ ಏರಿಸಿದೆ. ಗಿರಣಿ ತಿರುಗಿತು.

ಪಟ್ಟಿಗಳು ಸರಿಯಾಗಿ ಓಡುತ್ತಿವೆಯೋ ನೋಡಲು ಜಿನ್ನಿನ ಮನೆಯೊಳಗೆ ಹೋದೆ. ಜಿನ್ನುಗಳಿಗೆ ಹತ್ತಿ ಉಣಿಸಲು ಆವತ್ತೇ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಅರಳೆಯ ಧೂಳಿಗೆ ಎಲ್ಲರೂ ಮುಖಕ್ಕೆ ಸೆರಗು ಕಟ್ಟಿದ್ದರು. ಮೂರನೆಯ ಜಿನ್ನಿನ ಮುಂದೆ ನಿಂತವಳ ತೋಳು ನೋಡಿ ಗುರುತು ಹಿಡಿದೆ. ಸುತ್ತಿಗೆ ಬೀಸಿ ಬೀಸಿ ಗಂಡಸಿನ ತೋಳಿನಂತೆ ಆಗಿದ್ದ ತೋಳು.

"ನೀವು ಇಲ್ಲಿ?" ಎಂದೆ.

"ಕುಲುಮಿ ಮುಚ್ಚೀವ್ರಿ," ಎಂದಳು. ಕೈ ನಿಲ್ಲಿಸಲಿಲ್ಲ. "ಕಬ್ಬಿಣ ಬಡಿಯೋ ಅಡಿಗಲ್ಲು ದೇಶನೂರಿನವ್ರು ಒಯ್ದರು. ಅಪ್ಪಗ ಈಗ ಏನೂ ಕಾಣೂದಿಲ್ಲ." ಒಂದು ಹಿಡಿ ಹತ್ತಿ ಉರುಳೆಗೆ ಕೊಟ್ಟು ಮತ್ತೆ ಹೇಳಿದಳು: "ಎಂಜಿನ್ನು ಚಲೋ ಓಡಾಕತ್ತೈತಿ."

ಮರುದಿನ ಬೆಳಗ್ಗೆ ಸಾಹುಕಾರರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಸಿಟ್ಟು ಮಾಡುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಸಿದ್ಧನಾಗಿ ಹೋಗಿದ್ದೆ. ಅವರು ಬಾಗಿಲು ಮುಂದಕ್ಕೆ ಮಾಡಿ ಕೂತರು.

"ಇನ್ನೊಬ್ಬರ ಮುಂದ ಈ ಮಾತು ಆಡಬ್ಯಾಡ. ಗಿರಣಿ ಈಗ ನಡೀತೈತಿ. ಮುದುಕನ ಹೆಸರು ಹೋಗಿ ಆತು, ಈಗ ಗಿರಣಿ ಹೆಸರು ಯಾಕ ಕೆಡಸ್ತಿ?"

"ಅವರ ಹೆಸರು ಕೆಡಿಸಿದ್ದು ನಾನ್ರೀ."

"ಹೋಗಿ ಕೆಲಸ ನೋಡು," ಎಂದರು. ನಾನು ಹೋಗಿ ಕೆಲಸ ನೋಡಿದೆ. ಆದರೆ ಯುಗಾದಿಗೆ ಮೂರು ದಿನ ಗಿರಣಿ ಮುಚ್ಚಿದಾಗ ಕುರುಗೋಡಿನ ಹೆಂಗಸರು ಹೊರಟ ಬಂಡಿಯಲ್ಲಿ ನಾನೂ ಹತ್ತಿದೆ.

ಮನೆ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಕುಲುಮೆಯ ಚಪ್ಪರದಲ್ಲಿ ಅಡಿಗಲ್ಲು ಇದ್ದ ಜಾಗದಲ್ಲಿ ಗುಂಡಿ ಇತ್ತು. ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಮಗಳು ನನ್ನ ಹೆಸರು ಹೇಳಿದಾಗ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ನಾನು ಕೂರಲಿಲ್ಲ. ನಿಂತುಕೊಂಡೇ ಕೊಳವೆಯ ಮಾತು ಹೇಳಿದೆ, ಹತ್ತಿಯ ಉಂಡೆಯ ಮಾತು ಹೇಳಿದೆ. ಬಂಡಿ ಇನ್ನೂ ಅಂಗಳದಲ್ಲಿದ್ದಾಗಲೇ ನನಗೆ ಗೊತ್ತಾಗಿತ್ತು ಎನ್ನುವುದನ್ನೂ ಬಿಡಲಿಲ್ಲ.

ಅಜ್ಜ ಕಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಉಳಿದ ಮೂರು ಹೆಂಗಿದ್ವು?" ಎಂದು ಕೇಳಿದರು.

"ಕನ್ನಡಿ ಇದ್ದಂಗ ಇದ್ವು ಅಜ್ಜಾರ. ಒಂದು ಗೀರು ಇರಲಿಲ್ಲ. ನಾಲ್ಕನೇದಕ್ಕೂ ಅದೇ ಹದ ಬಿದ್ದಿತ್ತು."

"ಮಗಳು ಅವತ್ತ ನಿನ್ನ ಕೇಳಿದ್ದಳಲ್ಲ, ಎಣ್ಣಿ ಬಂದಿತ್ತೇನಂತ."

"ಕೇಳಿದ್ರು. ಬಂದಿತ್ತು ಅಂದೆ."

"ಹೂಂ," ಎಂದರು. "ಬಂಡ್ಯಾಗ ಬರೋ ಮುಂದ ಹಾದಿ ತುಂಬ ಅದನ್ನ ಅಂದಳು. ಅಪ್ಪಾ, ಎಣ್ಣಿ ಬಂದಿಲ್ಲ, ಸುಟ್ಟ ವಾಸನಿ ನೋಡು, ನಿನ್ನ ಹದ ಸರಿ ಐತಿ ಅಂತ. ನಾ ಬೈದೆ. ಎಂಜಿನ್ ಜೋಡಿ ಬಾಳ್ವೆ ಮಾಡೋ ಮನಶ್ಯಾ ಸುಳ್ಳು ಹೇಳ್ತಾನೇನು, ನಮ್ಮ ತಪ್ಪು ಇನ್ನೊಬ್ಬರ ಮ್ಯಾಲೆ ಹಾಕಬಾರದು ಅಂದೆ. ಮನಿಗೆ ಬಂದ ಮ್ಯಾಲೂ ಬಿಡಲಿಲ್ಲ. ಕುಲುಮಿ ಮುಚ್ಚಬ್ಯಾಡಂತ ಅತ್ತಳು. ಆವಾಗ ಕೈ ಎತ್ತಿಬಿಟ್ಟೆ. ಸಣ್ಣಾಕಿ ಇದ್ದಾಗೂ ಎತ್ತಿದ್ದಿಲ್ಲ."

ಮಗಳು ಒಲೆಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತಿದ್ದಳು. ಅಜ್ಜ ಅವಳು ಎಲ್ಲಿದ್ದಾಳೆಂದು ಸದ್ದಿನಿಂದ ಹುಡುಕಿ ಆ ಕಡೆ ಮುಖ ತಿರುಗಿಸಿದರು.

"ನೀ ಅಂದದ್ದು ಖರೆ ಇತ್ತವ್ವಾ."

ಅವಳು ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟಳು. ಬಿಸಿಲಿನಲ್ಲಿ ಬಂದವರಿಗೆ ಕೊಡುವಂತೆ ಬೆಲ್ಲವನ್ನೂ ಇಟ್ಟಳು.

ಮಾರನೆಯ ದಿನ ಕುರುಗೋಡಿನ ಬಜಾರದಲ್ಲಿ ಕೇಳುವವರಿಗೆಲ್ಲ ನಡೆದದ್ದನ್ನು ಹೇಳಿದೆ. ಕೆಲವರು ತಲೆದೂಗಿದರು. ಕೆಲವರು, ಮುದುಕನ ಮೇಲೆ ಕನಿಕರಕ್ಕೆ ಹೀಗೆ ಹೇಳುತ್ತಿದ್ದಾನೆ ಎಂದರು. ಅಲ್ಲಿಂದ ದೇಶನೂರಿಗೆ ಹೋಗಿ ಅಡಿಗಲ್ಲು ಕೇಳಿದೆ. ಅದನ್ನು ಒಯ್ದ ಕಮ್ಮಾರ ಒಳ್ಳೆಯವನೇ. ಆದರೆ ಅವನ ಮನೆಯೂ ಅದರ ಮೇಲೆ ನಡೆಯುತ್ತಿತ್ತು. "ಎರಡು ತಿಂಗಳು ಮೊದಲ ಬಂದಿದ್ರ ನಾ ಒಯ್ತಿದ್ದಿಲ್ಲ," ಎಂದ.

ಹಬ್ಬ ಮುಗಿದ ಮೇಲೆ ಅವಳು ಗಿರಣಿಗೆ ಮರಳಿದಳು, ಮೂರನೆಯ ಜಿನ್ನಿಗೇ ನಿಂತಳು. ಸಾಹುಕಾರರಿಗೆ ನಾನು ಬಜಾರದಲ್ಲಿ ಆಡಿದ ಮಾತು ತಲುಪಿತು. ಹಂಗಾಮು ಮುಗಿಯುವವರೆಗೆ ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವಳೂ ಅಷ್ಟೇ. ಅವರಿಬ್ಬರ ಮೌನ ಬೇರೆ ಬೇರೆ, ನನಗೆ ಎರಡೂ ಸಲ್ಲತಕ್ಕವೇ.

ಮುಂದಿನ ವರ್ಷ ಹಂಗಾಮಿಗೆ ಬರುವಾಗ ಅವಳು ಅಪ್ಪನನ್ನೂ ಕರೆದುಕೊಂಡು ಬಂದಳು. ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ಒಂದು ಕೋಣೆ ಸಿಕ್ಕಿತ್ತು. ಒಂದು ದಿನ ಮಧ್ಯಾಹ್ನ ಊಟದ ಬಿಡುವು ಮುಗಿಯುತ್ತಿದ್ದಾಗ ಅವಳು ಅಜ್ಜನ ಕೈ ಹಿಡಿದುಕೊಂಡು ಎಂಜಿನ್ ಮನೆಯ ಬಾಗಿಲಿಗೆ ಬಂದಳು.

"ನೋಡಬೇಕಂತಾರ," ಎಂದಳು.

ನಾನು ಉಗಿ ಬಿಟ್ಟೆ. ಎಂಜಿನ್ ವೇಗಕ್ಕೆ ಬಂದ ಮೇಲೆ ಅಜ್ಜನ ಕೈ ಹಿಡಿದು ಪಕ್ಕದ ದಂಡದ ಮುಚ್ಚಳದ ಮೇಲೆ ಇಟ್ಟೆ. ಅವರು ಅಂಗೈ ಅಗಲಿಸಿ, ತಲೆ ಓರೆ ಮಾಡಿ ನಿಂತರು. ನಾಲ್ಕು ಬಡಿತ, ಮತ್ತೆ ನಾಲ್ಕು, ಮತ್ತೆ ನಾಲ್ಕು. ಎಷ್ಟು ಸುತ್ತು ಹಾಗೆ ನಿಂತರೋ. ಮುಖದ ಮೇಲೆ ಸಿಟ್ಟಾಗಲಿ ನೋವಾಗಲಿ ನನಗೆ ಕಾಣಲಿಲ್ಲ. ಕೆಲಸ ಬಲ್ಲವನು ಇನ್ನೊಬ್ಬನ ಕೆಲಸ ನೋಡುವ ಮುಖ ಅದು.

"ಯಾರು ಮಾಡಿದ್ದು ಇದನ್ನ?"

"ಗೊತ್ತಿಲ್ಲ ಅಜ್ಜಾರ. ಮದ್ರಾಸಿನ ಕಾರ್ಖಾನೆಯಾಗ ಯಾರೋ."

"ಚಲೋ ಮಾಡ್ಯಾನ," ಎಂದರು. ಕೈ ತೆಗೆದು ಮಗಳ ಭುಜ ಹುಡುಕಿದರು. ಬಾಗಿಲವರೆಗೆ ಹೋಗಿ ನಿಂತು ನನ್ನ ಕಡೆ ತಿರುಗಿದರು.

"ಚಲೋ ಆಗೈತಂತ ಅವಂಗ ಯಾರರ ಹೇಳ್ಯಾರೇನು, ತಮ್ಮಾ?"